ಪಾರಿವಾಳಕ್ಕೆ ದೇವಿ ಹಾಕಿದ್ದು

ನನ್ನ ಮೊಮ್ಮಗಳಿಗೆ ಈಗ ಐದು ವರ್ಷ. ಅವಳ ಗುಣಗಾನ ಶುರು ಮಾಡಿದರೆ ಈ ಕಾಗದ ಸಾಲುವುದಿಲ್ಲ. ಒಂದೇ ಮಾತು ಹೇಳಿ ಬಿಡುತ್ತೇನೆ: ಅವಳು ನಕ್ಕರೆ ನಮ್ಮ ಓಣಿಯ ಕತ್ತೆ ಕೂಡ ನಿಂತು ನೋಡುತ್ತದೆ. ಮೊನ್ನೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, ನನ್ನ ಎಡತೋಳಿನ ಮೇಲಿರುವ ಎರಡು ದುಂಡು ಕಲೆಗಳ ಮೇಲೆ ಬೆರಳಿಟ್ಟಳು.

"ಆಯಿ, ಇವು ಏನ?"

"ದೇವಿ ಹಾಕಿದ್ದವ್ವಾ. ನಾ ನಿನ್ನಷ್ಟಿದ್ದಾಗ ಹಾಕಿದ್ದು."

"ನನಗ್ಯಾಕ ಇಲ್ಲ?"

"ನೀ ಹುಟ್ಟೂದ್ರೊಳಗ ದೇವಿ ಬ್ಯಾನಿ ಊರು ಬಿಟ್ಟು ಹೋತು. ಈಗ ಯಾರಿಗೂ ಹಾಕಂಗಿಲ್ಲ."

"ಹಂಗಾರ ಕಡೀಕ ಯಾರಿಗೆ ಹಾಕಿದ್ರು?"

"ಪಾರಿವಾಳಕ್ಕ."

ಅವಳು ಎಣ್ಣೆ ಬಟ್ಟಲು ಉರುಳಿಸುವಷ್ಟು ನಕ್ಕಳು. ಆದರೆ ನಾನು ಹೇಳಿದ್ದು ಸುಳ್ಳಲ್ಲ. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರೆ, ಅದಕ್ಕೆ ಲಸಿಕೆ ಹಾಕುವುದಕ್ಕೆ ದೇವಿ ಹಾಕುವುದು ಎನ್ನುತ್ತಾರೆ. ಇಳಕಲ್ಲಿನಲ್ಲಿ ಕೊನೆಯದಾಗಿ ದೇವಿ ಹಾಕಿಸಿಕೊಂಡದ್ದು ಪಾರಿವಾಳಗಳೇ. ಹಾಕುವಾಗ ಅವುಗಳ ಕಾಲು ಹಿಡಿದದ್ದು ನಾನೇ.

ಮೊಮ್ಮಗಳು ಆಗಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ನಾನು ಇಳಕಲ್ಲಿನ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದೆ. ಎತ್ತಿನ ಮೂಗುದಾರ ಹಿಡಿಯುವುದು, ಸಿರಿಂಜು ಕುದಿಸುವುದು, ಗಾಯ ತೊಳೆಯುವುದು. ಡಾಕ್ಟರು ಹೊಸಬರು, ಮೈಸೂರು ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ. "ದಯವಿಟ್ಟು ಎಮ್ಮೆಯನ್ನು ಸ್ವಲ್ಪ ಈ ಕಡೆ ತಿರುಗಿಸ್ತೀರಾ?" ಎಂದು ಅವರು ಕೇಳಿದರೆ ರೈತರು ನನ್ನ ಮುಖ ನೋಡುತ್ತಿದ್ದರು. "ಎಮ್ಮಿ ಹೊಳ್ಳಸೋ ಮಾರಾಯಾ" ಎಂದು ನಾನು ಅಂದಮೇಲೆ ಎಮ್ಮೆ ತಿರುಗುತ್ತಿತ್ತು.

ಮಳೆ ನಿಂತು ಸೊಳ್ಳೆ ಎದ್ದ ಹೊತ್ತು. ಒಂದು ಮುಂಜಾನೆ ನೇಕಾರನೊಬ್ಬ ಬುಟ್ಟಿ ಹಿಡಿದುಕೊಂಡು ಬಂದ. ಬುಟ್ಟಿಯಲ್ಲಿ ಒಂದು ಪಾರಿವಾಳ. ಕೊಕ್ಕಿನ ಬುಡಕ್ಕೆ, ಕಣ್ಣಿನ ಸುತ್ತ, ಕಾಲಿಗೆ ಕಡಲೆಯಂಥ ಗಂಟುಗಳು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು.

"ಇದು ನಮ್ದಲ್ಲರಿ, ಬಾಜೂ ಮನೀದು. ನಮ್ಮ ಅಂಗಳದಾಗ ಬಿದ್ದಿತ್ತು," ಎಂದ. "ಅವರ ಮನ್ಯಾಗ ಅರ್ಧಾಕರ್ಧ ಸತ್ತಾವ. ನಮ್ಮವ್ವ ಇಪ್ಪತ್ತರ ಮ್ಯಾಲ ಸಾಕ್ಯಾಳ್ರಿ. ಅವು ಸತ್ರ ನಮ್ಮವ್ವ ಉಳಿಯಂಗಿಲ್ಲ."

ಅವನ ತಾಯಿಯನ್ನು ನಾನು ಬಲ್ಲೆ. ನೇಕಾರ ಓಣಿಗೆಲ್ಲ ದೊಡ್ಡವ್ವ. ಸಣ್ಣವಳಿದ್ದಾಗ ದೇವಿ ಬಂದು ಒಂದು ಕಣ್ಣು ಹೋಗಿತ್ತು, ಇನ್ನೊಂದು ವಯಸ್ಸಿಗೆ ಮಂಜಾಗಿತ್ತು. ಮಗ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರೆ, ಆಕೆ ಪಡಸಾಲೆಯಲ್ಲಿ ರಾಟಿ ತಿರುಗಿಸುತ್ತ, ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ಕೂತಿರುತ್ತಿದ್ದಳು. ಗೋಡೆಗೆ ಅಡ್ಡಡ್ಡ ಕಟ್ಟಿದ ಗಡಿಗೆಗಳಲ್ಲಿ ಪಾರಿವಾಳಗಳು. ತೊಡೆಯ ಮೇಲೆ ಎರಡು, ಹೆಗಲ ಮೇಲೆ ಒಂದು, ರಾಟಿಯ ಮೇಲೂ ಒಂದು. ಯಾವ ಗಡಿಗೆಯಲ್ಲಿ ಯಾವುದು ಗುಟುರು ಹಾಕಿತೆಂದು ಕಿವಿಯಿಂದಲೇ ಹೇಳುತ್ತಿದ್ದಳು.

ಡಾಕ್ಟರು ಬುಟ್ಟಿಯೊಳಗಿನ ಹಕ್ಕಿಯನ್ನು ನೋಡಿ ತಲೆಯಾಡಿಸಿದರು.

"ಇದು ಪಾರಿವಾಳದ ಸಿಡುಬು, ಸೊಳ್ಳೆ ಕಚ್ಚಿ ಹರಡುತ್ತೆ. ಬಂದ ಮೇಲೆ ವಾಸಿ ಮಾಡೋ ಔಷಧಿ ಇಲ್ಲ. ಆರೋಗ್ಯವಾಗಿರೋ ಹಕ್ಕಿಗಳಿಗೆ ಮೊದಲೇ ಲಸಿಕೆ ಹಾಕಿಸಬೇಕು."

ನೇಕಾರನ ಮುಖದಲ್ಲಿ ಏನೂ ಮೂಡಲಿಲ್ಲ. "ಲಸಿಕಿ ಅಂದ್ರ?"

"ದೇವಿ ಹಾಕೂದಪ್ಪಾ," ಎಂದೆ ನಾನು. "ಮಂದಿಗೆ ಹಾಕ್ತಿದ್ರಲಾ, ಹಂಗ ಪಾರಿವಾಳಕ್ಕ."

"ಹಾಂ! ದೇವಿ ಹಾಕೂದು!" ಎಂದು ಅವನು ಎದ್ದು ನಿಂತ. "ಹಂಗ ಅನ್ನಬಾರದ್ರಿ ಮೊದಲ? ನಮ್ಮವ್ವಗ ಈಗ ಹೋಗಿ ಹೇಳತೇನಿ."

ಡಾಕ್ಟರಿಗೆ ಖುಷಿಯಾಯಿತು. "ಎಷ್ಟು ಬೇಗ ಅರ್ಥ ಮಾಡಿಸಿದ್ರಿ ಅಮ್ಮಾ!" ಅಂದರು. ನನಗೂ ಖುಷಿಯಾಯಿತು. ಆ ಒಂದು ಮಾತು ನಮ್ಮನ್ನು ಎಷ್ಟು ಓಡಾಡಿಸುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಲಸಿಕೆ ಬಾಗಲಕೋಟೆಯಿಂದ ಬರಬೇಕು. ಫ್ರಿಜ್ಜು ಇದ್ದದ್ದು ಅಲ್ಲಿ. ಥರ್ಮಾಸಿನಲ್ಲಿ ಮಂಜುಗಡ್ಡೆ ತುಂಬಿ ಅದರೊಳಗೆ ಲಸಿಕೆಯ ಸಣ್ಣ ಗಾಜಿನ ಶೀಸೆ ಇಟ್ಟುಕೊಂಡು ನಾನು ಅಲ್ಲಿಂದ ವಾಪಸು ಬಸ್ಸು ಹತ್ತಿದೆ. "ಏನಾದ್ರೂ ಆಗ್ಲಿ, ಬಿಸಿ ಮಾತ್ರ ಆಗಬಾರದು," ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹುನಗುಂದಕ್ಕೆ ಬಂದು ಬಸ್ಸು ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಡ್ರೈವರು ಬಸ್ಸಿನ ಕೆಳಗೆ ಹೋಗಿ ಮಲಗಿದ. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಥರ್ಮಾಸು ಅಲ್ಲಾಡಿಸಿದರೆ ಗಡ್ಡೆಯ ಸದ್ದು ಹೋಗಿ ನೀರಿನ ಸದ್ದು ಬರತೊಡಗಿತು.

ಸುತ್ತ ನೋಡಿದೆ. ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡ ಐಸ್‌ಕ್ಯಾಂಡಿಯವನು ಶಾಲೆಯ ಕಡೆ ಹೊರಟಿದ್ದ. ಅಡ್ಡ ನಿಂತೆ.

"ಎಷ್ಟು ಅದಾವ, ಅಷ್ಟೂ ಕೊಡು."

"ಯಕ್ಕಾ, ಒಬ್ಬಾಕಿನ ತಿಂತೀಯೇನ? ಗಂಟಲಾ ಹಿಡೀತೈತಿ."

"ನನಗಲ್ಲೋ, ಪಾರಿವಾಳಕ್ಕ."

ಅವನು ಬೇರೇನೂ ಕೇಳಲಿಲ್ಲ. ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಡಬ್ಬಿ ತೆಗೆದ. ಕಡ್ಡಿ ಕಿತ್ತು, ಜಜ್ಜಿ, ಥರ್ಮಾಸಿಗೆ ತುಂಬಿದೆವು. ಬಸ್ಸು ರಿಪೇರಿಯಾಗುವ ತನಕ ಅವನು ಹೋಗಲಿಲ್ಲ. ಪಾರಿವಾಳ ಐಸ್‌ಕ್ಯಾಂಡಿ ಹೇಗೆ ತಿನ್ನುತ್ತದೆಂದು ಕೊನೆಗೂ ಕೇಳಿಯೇ ಬಿಟ್ಟ.

ದವಾಖಾನೆಯಲ್ಲಿ ಡಾಕ್ಟರು ಮುಚ್ಚಳ ತೆಗೆದು ಬೆಚ್ಚಿಬಿದ್ದರು. ಒಳಗೆಲ್ಲ ಕೆಂಪು. "ಅಮ್ಮಾ, ಇದೇನು, ರಕ್ತನಾ?"

"ಐಸ್‌ಕ್ಯಾಂಡಿ ಸಾಹೇಬ್ರ. ಬಿಳೀದು ಇರಲಿಲ್ಲ."

ಅವರು ಶೀಸೆ ಒರೆಸಿ ಕೆನ್ನೆಗಿಟ್ಟು ನೋಡಿದರು. ತಣ್ಣಗಿತ್ತು. "ಕೆಟ್ಟಿರಲಾರದು. ಆದ್ರೆ ನಂಬಿ ಕೂರೋ ಹಾಗಿಲ್ಲ. ಎಂಟನೇ ದಿನ ಹೋಗಿ ನೋಡ್ಲೇಬೇಕು. ಚರ್ಮದ ಮೇಲೆ ಸಣ್ಣ ಗುಳ್ಳೆ ಎದ್ದಿದ್ರೆ ಲಸಿಕೆ ಹಿಡಿದಿದೆ ಅಂತ. ಏನೂ ಎದ್ದಿಲ್ಲ ಅಂದ್ರೆ ಹಾಕಿದ್ದು ದಂಡ."

ದೊಡ್ಡವ್ವ ನಮಗೆ ಮಣೆ ಹಾಕಿಸಿ ಕಾದಿದ್ದಳು. "ಮಂದೀನ ಬಿಟ್ಟು ಈಗ ಹಕ್ಕಿಗೆ ಬಂದಾಳೇನು ತಾಯಿ?" ಎಂದು ಡಾಕ್ಟರನ್ನು ಕೇಳಿದಳು. ಅವರಿಗೆ ಅರ್ಥವಾಗಲಿಲ್ಲ. ಆದರೂ "ಹೌದಮ್ಮಾ" ಎಂದರು.

ಡಾಕ್ಟರು ಲಸಿಕೆಯ ಪುಡಿಗೆ ಅದರ ಜತೆ ಕೊಟ್ಟಿದ್ದ ನೀರು ಬೆರೆಸಿ ನೆರಳಿನಲ್ಲಿಟ್ಟರು. ಬಿರುಸಾದ ಸಣ್ಣ ಬ್ರಷ್ಷನ್ನು ನಾನು ಮೊದಲೇ ಕುದಿಸಿ ಆರಿಸಿದ್ದೆ. ಎತ್ತು ಹಿಡಿದ ಕೈಗೆ ಪಾರಿವಾಳ ಹಿಡಿಯುವುದು ಹೊಸದು. ಬಿಗಿ ಹಿಡಿದರೆ ಉಸಿರು ಕಟ್ಟುತ್ತದೆ, ಸಡಿಲ ಬಿಟ್ಟರೆ ಜಂತಿಗೆ ಹಾರುತ್ತದೆ. ಎರಡೂ ಕಾಲು ಬೆರಳ ಸಂದಿಯಲ್ಲಿ, ರೆಕ್ಕೆ ಅಂಗೈಯಡಿ, ಎದೆ ನನ್ನ ಕಡೆಗೆ. ಡಾಕ್ಟರು ತೊಡೆಯ ಮೇಲಿನ ನಾಲ್ಕಾರು ಗರಿ ಕಿತ್ತು, ಗರಿ ಬಂದ ತೂತುಗಳೊಳಗೆ ಇಳಿಯುವಂತೆ ಬ್ರಷ್ಷಿನಿಂದ ಲಸಿಕೆ ತಿಕ್ಕುತ್ತಿದ್ದರು. ನಾನು ರೂಢಿಯಂತೆ ಮೊದಲು ಸ್ಪಿರಿಟ್ಟಿನ ಹತ್ತಿ ಚಾಚಿದಾಗ ತಡೆದರು. "ಬೇಡಮ್ಮಾ. ಸ್ಪಿರಿಟ್ ಬಿದ್ರೆ ಲಸಿಕೆಯೇ ಸಾಯುತ್ತೆ."

ಗಡಿಗೆಯಲ್ಲಿದ್ದವು ಬೇಗ ಸಿಕ್ಕವು. ಜಂತಿ ಮೇಲಿನವುಗಳಿಗೆ ನೇಕಾರ ಏಣಿ ಹತ್ತಿದ. ದೊಡ್ಡವ್ವನ ಮುದ್ದಿನ ಬಿಳಿ ಲಕ್ಕಾ ಜೋಡಿ ಮಾತ್ರ ಆಕೆಯ ತೊಡೆಯ ಮೇಲೆಯೇ ಕೂತು ಹಾಕಿಸಿಕೊಂಡಿತು. ಬೀಸಣಿಗೆಯಂಥ ಬಾಲದ ಜಾತಿ ಅದು. ಉಳಿದ ಲಸಿಕೆಯನ್ನೂ ಶೀಸೆಯನ್ನೂ ಕುದಿಸಿ ಹೂಳಿದೆವು. ಎಲ್ಲ ಸುಸೂತ್ರ.

ನಾಲ್ಕು ದಿನ ಕಳೆದಿರಬೇಕು, ನೇಕಾರ ದವಾಖಾನೆಗೆ ಬಂದು ಬಾಗಿಲಲ್ಲೇ ನಿಂತ. ಮುಖ ಬಾಡಿತ್ತು.

"ಅಕ್ಕಾರ, ಒಗ್ಗರಣಿ ಯಾವಾಗ ಚಾಲೂ ಮಾಡೂಣು?"

"ಯಾವ ಒಗ್ಗರಣಿ?"

"ನಮ್ಮವ್ವ ಮನ್ಯಾಗ ಒಗ್ಗರಣಿ ಬಂದ್ ಮಾಡ್ಯಾಳ್ರಿ. ದೇವಿ ಹಾಕೈತಲಾ! ಬಾಗಲಾಕ ಬೇವು ಕಟ್ಟ್ಯಾಳ. ಮೂರೂ ಹೊತ್ತು ಮೊಸರು ಬಾನ. ನನ್ನ ನಾಲಿಗಿ ಸತ್ತೈತಿ."

ನನಗೂ ಡಾಕ್ಟರಿಗೂ ನಗು ತಡೆಯಲಿಲ್ಲ. ಮಕ್ಕಳಿಗೆ ದೇವಿ ಹಾಕಿಸಿದರೆ ನಮ್ಮ ಮನೆಗಳಲ್ಲಿ ಹೀಗೇ ನಡೆಯುತ್ತಿತ್ತು. ಒಗ್ಗರಣೆಯ ಘಾಟು ದೇವಿಗೆ ಆಗುವುದಿಲ್ಲ, ಬಾನ ಎಂದರೆ ಸಪ್ಪೆ ಮೊಸರನ್ನವನ್ನೇ ಉಣ್ಣಬೇಕು, ಬಾಗಿಲಿಗೆ ಬೇವು ಕಟ್ಟಬೇಕು, ಹೊರಗಿನವರು ಒಳಗೆ ಬರಬಾರದು. ನಾನು ದೇವಿ ಅಂದೆ, ದೊಡ್ಡವ್ವ ದೇವಿಯನ್ನೇ ಮನೆಯಲ್ಲಿ ಕೂಡಿಸಿದಳು.

ನೇಕಾರ ಮುಂದೆ ಹೇಳಿದ್ದನ್ನು ಕೇಳಿ ಡಾಕ್ಟರ ನಗು ನಿಂತಿತು. "ನೀವು ಹೋದ ಕೂಡಲೇ ಹಕ್ಕಿ ತೊಡಿ ಒರೆಸಿ, ಬೇವು ಅರಿಷಿಣ ಅರದು ಹಚ್ಚಿದ್ಲರಿ."

"ಎಲ್ಲಕ್ಕೂ?"

"ಅದು ಗೊತ್ತಿಲ್ಲರಿ. ನಾ ಮಗ್ಗದಾಗಿದ್ದೆ."

ಡಾಕ್ಟರು ಕುರ್ಚಿಯಲ್ಲಿ ಕೂತರು. ಮೊದಲೇ ಐಸ್‌ಕ್ಯಾಂಡಿಯ ಲಸಿಕೆ, ಮೇಲೆ ಒರೆಸಿದ್ದಾರೆ. ಲಸಿಕೆ ಹಿಡಿಯದೆ ಹೋಗಿದ್ದರೆ ಪಕ್ಕದ ಮನೆಯ ರೋಗಕ್ಕೆ ಇವು ಬರೀ ಮೈಯಲ್ಲಿ ಕೂತ ಹಾಗೆ. ಎಂಟನೇ ದಿನದ ತನಕ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಎಂಟನೇ ದಿನ ಹೋದೆವು. ಬಾಗಿಲು ಹಾಕಿತ್ತು. ತೋರಣದ ಹಾಗೆ ಬೇವಿನ ತೊಪ್ಪಲು. ಒಳಗೆ ರಾಟಿಯ ಸದ್ದು. ಬಾಗಿಲು ಬಡಿದೆ.

"ಯಾರು?"

"ನಾ ದೊಡ್ಡವ್ವಾ, ದನದ ದವಾಖಾನಿಯಾಕಿ. ಸಾಹೇಬ್ರು ಬಂದಾರ, ಪಾರಿವಾಳ ನೋಡಬೇಕಂತ."

"ಬಾಗಲಾಗ ಬೇವು ಕಾಣಂಗಿಲ್ಲೇನ? ನನಗ ಒಂದ ಕಣ್ಣು, ನಿನಗ ಎರಡು ಅದಾವಲಾ."

"ಒಂದ್ಸಲ ನೋಡಿ ಹೋಗತೇವಿ."

"ಆಗಂಗಿಲ್ಲ." ರಾಟಿ ನಿಲ್ಲಲಿಲ್ಲ. "ನಾ ಸಣ್ಣಾಕಿ ಇದ್ದಾಗ ನಮ್ಮ ಮನಿಗೆ ದೇವಿ ಬಂದಿದ್ಲು. ಬಾಗಲಾ ಕಾಯಾಕ ಯಾರೂ ಇರಲಿಲ್ಲ. ಬರೋವ್ರು ಬಂದ್ರು, ಹೋಗೋವ್ರು ಹೋದ್ರು. ಆಕಿ ಸಿಟ್ಟಿಗೆದ್ದು ನನ್ನ ಒಂದು ಕಣ್ಣು ತಗೊಂಡ್ಲು. ನನ್ನ ತಮ್ಮನ್ನ ಪೂರ್ತಿ ತಗೊಂಡ್ಲು. ಈ ಸಲ ಬಾಗಲಾ ನಾನ ಕಾಯತೇನಿ."

ಡಾಕ್ಟರು ಸರ್ಕಾರಿ ಮನುಷ್ಯ, ಗದರಿಸಿ ಬಾಗಿಲು ತೆಗೆಸಬಹುದಿತ್ತು. ಬದಲಿಗೆ ಬೂಟು ಬಿಚ್ಚಿ ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕೂತರು. "ನೀವೇ ಏನಾದ್ರೂ ಮಾತಾಡಿ ಅಮ್ಮಾ," ಎಂದು ಮೆಲ್ಲಗೆ ಅಂದರು.

ದೇವಿಯಲ್ಲ, ಬರೀ ಔಷಧ ಅಂತ ಹೇಳೋಣವೇ ಎಂದುಕೊಂಡೆ. ತಮ್ಮನನ್ನು ಕಳೆದುಕೊಂಡವಳ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ. ಸೊಳ್ಳೆ ಕಚ್ಚಿತೆಂದು ತೋಳು ಕೆರೆದುಕೊಂಡೆ. ಬೆರಳಿಗೆ ಆ ಎರಡು ಕಲೆ ತಗುಲಿದವು. ನಮ್ಮವ್ವ ನನ್ನ ಕುಬಸದ ತೋಳು ಮೇಲೆತ್ತಿ ಯಾರಿಗೋ ತೋರಿಸಿದ್ದು ನೆನಪಾಯಿತು. ಯಾರಿಗೆ? ಆ ಮನುಷ್ಯನಿಗೆ ನಮ್ಮವ್ವ ಮಜ್ಜಿಗೆ ಕೊಟ್ಟಿದ್ದಳು. ಬಾಗಿಲಿಗೆ ಬೇವಿತ್ತು, ಆದರೂ ಅವನು ಒಳಗೆ ಬಂದಿದ್ದ.

"ದೊಡ್ಡವ್ವಾ, ನಿನ್ನ ಮಗಗ ದೇವಿ ಹಾಕ್ಸಿದ್ದಿಲ್ಲೇನ?"

"ಹಾಕ್ಸದಽ ಬಿಡತೇನೇನ?"

"ಹಾಕಿದಾಂವ ಎಂಟನೇ ದಿನ ತೋಳು ನೋಡಾಕ ಬಂದಿದ್ದನೋ ಇಲ್ಲೋ? ದೇವಿ ಎದ್ದಾವೋ ಇಲ್ಲೋ ಅಂತ?"

ರಾಟಿ ನಿಂತಿತು. "ಬಂದಿದ್ದ."

"ಅವಗೂ ಬಾಗಲಾ ಹಾಕಿದ್ದೇನ?"

"ಅವಗ ಹೆಂಗ ಹಾಕಲೇ? ದೇವಿ ಹಾಕಿದಾಂವನ ಅಂವಾ. ಮಣಿ ಕೊಟ್ಟು ಕುಂಡ್ರಿಸಿದ್ದೆ."

"ಹಂಗಾರ ಕಟ್ಟಿ ಮ್ಯಾಲ ಕುಂತಾರಲಾ ನಮ್ಮ ಸಾಹೇಬ್ರು, ಇವರು ಯಾರು?"

ಒಳಗೆ ಮಣೆ ಸರಿದ ಸದ್ದಾಯಿತು. ಪಾರಿವಾಳಗಳು ಗುಟುರು ಹಾಕಿದವು. ಆಮೇಲೆ ಬಾಗಿಲ ಸಂದಿಯ ಹತ್ತಿರವೇ ದನಿ ಬಂತು.

"ಒಗ್ಗರಣಿ ಉಂಡಾನೇನ ಅಂವಾ?"

ನಾನು ಡಾಕ್ಟರ ಕಡೆ ನೋಡಿದೆ. ಇಲ್ಲ ಅನ್ನಿ ಎಂದು ಕಣ್ಣು ಹೊಡೆದೆ. ಆ ಪುಣ್ಯಾತ್ಮ ಎದ್ದು ನಿಂತು, "ಬೆಳಗ್ಗೆ ಖಾನಾವಳೀಲಿ ಚುರುಮುರಿ ಸುಸಲಾ ತಿಂದೆನಮ್ಮಾ. ಒಗ್ಗರಣೆ ಇತ್ತು," ಅಂದುಬಿಟ್ಟರು.

"ಖರೆ ಹೇಳಿದಿ ತಮ್ಮಾ," ಎಂದಳು ದೊಡ್ಡವ್ವ. "ನಾಳೆ ಬಾ. ಇಬ್ಬರೂ ಮೊಸರು ಬಾನ ಉಂಡು ಬರ್ರಿ."

ಅವತ್ತು ಡಾಕ್ಟರು ಖಾನಾವಳಿಗೆ ಹೋಗಿ ಒಗ್ಗರಣೆ ಇಲ್ಲದ್ದು ಬೇಕೆಂದರೆ, ಅಲ್ಲಿಯ ಅಮ್ಮ ಹೊಟ್ಟೆ ಕೆಟ್ಟಿದೆಯೆಂದು ಓಮಿನ ಕಷಾಯ ಕುಡಿಸಿದಳಂತೆ. ನಮ್ಮ ಮನೆಯಲ್ಲಿ ಬಸುರಿ ಮಗಳು ಒಗ್ಗರಣೆ ಹಾಕಿದ ಚುರುಮುರಿ ತಿನ್ನುತ್ತ ಕೂತಿದ್ದಳು. ನಾನು ಮೊಸರು ಬಾನ ಕಲಸಿಕೊಂಡು ಗೋಡೆ ಕಡೆ ಮುಖ ಮಾಡಿ ಉಂಡೆ.

ಮರುದಿನ ಬಾಗಿಲು ತೆರೆಯಿತು. ದೊಡ್ಡವ್ವ ಡಾಕ್ಟರ ಕಾಲಿಗೆ ತಾನೇ ನೀರು ಹಾಕಿದಳು. ಮಣೆಯ ಮೇಲೆ ಕೂಡಿಸಿ, ಮೊದಲು ತನ್ನ ಬಿಳಿ ಲಕ್ಕಾ ಜೋಡಿಯನ್ನೇ ತಂದು ಮುಂದಿಟ್ಟಳು. ಡಾಕ್ಟರು ತೊಡೆಯ ಗರಿ ಸರಿಸಿದರು. ಅರಿಷಿಣದ ಬಣ್ಣ ಇನ್ನೂ ಇತ್ತು. ಚರ್ಮ ನುಣ್ಣಗಿತ್ತು. ಎರಡನೆಯದೂ ಹಾಗೇ. ಹೆಗಲ ಮೇಲೆ ಕೂರುತ್ತಿದ್ದ ಕಂದು ಪಾರಿವಾಳವೂ ಹಾಗೇ. ಕೆಂಪು ನೀರಿನ ಥರ್ಮಾಸು ನನ್ನ ಕಣ್ಣ ಮುಂದೆ ಬಂತು.

"ಏಣಿ ಹತ್ತಿ ಹಿಡಿದಿದ್ರಲ್ಲ, ಆ ಜಂತಿ ಮೇಲಿನವು ಕೊಡಿ," ಅಂದರು ಡಾಕ್ಟರು.

ನೇಕಾರ ಒಂದನ್ನು ಹಿಡಿದು ತಂದ. ಅದು ಅವನ ಕೈ ಕುಕ್ಕುತ್ತಿತ್ತು. ಗರಿ ಸರಿಸಿದರೆ, ತೂತು ತೂತಿಗೂ ಒಂದೊಂದು ಗುಳ್ಳೆ ಎದ್ದು ಕಪ್ಪು ಹಕ್ಕಳೆ ಕಟ್ಟಿತ್ತು. ಥೇಟು ಸಾಸಿವೆ ಕಾಳು. ಅಷ್ಟು ದಿನದಿಂದ ಆ ಮನೆಯಲ್ಲಿ ಸಿಡಿಯದ ಸಾಸಿವೆಯೆಲ್ಲ ಪಾರಿವಾಳದ ತೊಡೆಯ ಮೇಲೆ ಬಂದು ಕೂತಿತ್ತು!

"ಎದ್ದಿದೆ! ಅಮ್ಮಾ, ಎದ್ದಿದೆ!" ಎಂದು ಡಾಕ್ಟರು ಮಣೆಯಿಂದ ಎದ್ದೇಬಿಟ್ಟರು.

ಒಂದೊಂದಾಗಿ ಎಲ್ಲವನ್ನೂ ನೋಡಿದೆವು. ಜಂತಿಯ ಮೇಲಿನವಕ್ಕೆಲ್ಲ ಎದ್ದಿತ್ತು, ಗಡಿಗೆಯ ಬಹಳಷ್ಟಕ್ಕೂ ಎದ್ದಿತ್ತು. ಎದ್ದಿರದೇ ಇದ್ದವು ದೊಡ್ಡವ್ವನ ತೊಡೆಯವು, ಹೆಗಲವು. ಕೈಗೆ ಸಿಕ್ಕವುಗಳನ್ನಷ್ಟೇ ಆಕೆ ಒರೆಸಿ ಬೇವು ಹಚ್ಚಿದ್ದಳು, ಮತ್ತು ಕೈಗೆ ಸಿಗುತ್ತಿದ್ದವು ಆಕೆಯ ಮುದ್ದಿನವು ಮಾತ್ರ.

ಇದನ್ನು ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಆಕೆಯೇ ಬೆರಳಿನಿಂದ ಒಂದು ಹಕ್ಕಿಯ ಸಾಸಿವೆ ಮುಟ್ಟಿ, ಇನ್ನೊಂದರ ನುಣ್ಣನೆ ತೊಡೆ ಮುಟ್ಟಿ, ತಾನೇ ತಿಳಿದುಕೊಂಡಳು.

"ನಾ ಹಚ್ಚಿದ್ದಕ್ಕ ಹಿಂಗಾತೇನ ತಮ್ಮಾ?"

"ಒರೆಸಿದ್ದಕ್ಕೆ ಇರಬಹುದು ಅಂತ ಕಾಣುತ್ತೆ. ಮತ್ತೆ ಹಾಕೋಣ ಅಮ್ಮಾ. ಈ ಸಲ ಯಾರೂ ಮುಟ್ಟಬಾರದು, ಅಷ್ಟೇ."

"ದೇವಿ ಹಾಕಿದಾಂವ ಹೇಳಿದ ಮ್ಯಾಲ ಮುಟ್ಟತೇನೇನ? ಮಗನ, ಇವನ್ನ ಬ್ಯಾರೆ ಜಾಳಿಗಿಯಾಗ ಇಡು. ನಾ ಕರದ್ರೂ ಬಿಡಬ್ಯಾಡ."

ನಾನು ಮತ್ತೆ ಬಾಗಲಕೋಟೆಗೆ ಹೋದೆ. ಈ ಸಲ ಬಸ್ಸು ಕೆಡಲಿಲ್ಲ, ಆದರೂ ಹುನಗುಂದದಲ್ಲಿ ಐಸ್‌ಕ್ಯಾಂಡಿಯವನು ಕಿಟಕಿಯ ಹತ್ತಿರ ಬಂದು "ಯಕ್ಕಾ, ಪಾರಿವಾಳಕ್ಕ ಬೇಕೇನ?" ಎಂದು ಕೇಳಿದ. ಬಸ್ಸಿನವರೆಲ್ಲ ನನ್ನ ಕಡೆ ತಿರುಗಿದರು.

ಎರಡನೇ ಸಲ ಹಾಕಿದ್ದು ಹಿಡಿಯಿತು, ಒಂದನ್ನು ಬಿಟ್ಟು. ಲಕ್ಕಾ ಜೋಡಿಯ ಹೆಣ್ಣಿಗೆ ಅಷ್ಟರಲ್ಲೇ ಪಕ್ಕದ ಮನೆಯ ರೋಗ ತಗುಲಿತ್ತು. ಕಣ್ಣಿನ ಮೂಲೆಯಲ್ಲಿ ಗಂಟು ಕಂಡ ದಿನವೇ ಡಾಕ್ಟರು ಅದನ್ನು ದವಾಖಾನೆಗೆ ತರಿಸಿ ಬೇರೆ ಇಟ್ಟರು. ಗಂಟಿಗೆ ಟಿಂಚರು ಮುಟ್ಟಿಸುವುದು, ಬೋರಿಕ್ ಪುಡಿ ಹಾಕಿ ಕಾಸಿದ ನೀರಿನಿಂದ ಕಣ್ಣು ಒರೆಸುವುದು, ನೆನೆಸಿದ ಕಡಲೆಯನ್ನು ಒಂದೊಂದೇ ಕೊಕ್ಕಿಗೆ ಇಳಿಸುವುದು ನನ್ನ ಕೆಲಸ. ಬದುಕುತ್ತದೆ ಎಂದು ಡಾಕ್ಟರೂ ಮಾತು ಕೊಡಲಿಲ್ಲ. ಒಂದು ದಿನ ಅದು ಕಡಲೆಗೆ ತಾನೇ ಕೊಕ್ಕು ಚಾಚಿತು. ನಾನು ಸಿರಿಂಜಿನ ತಟ್ಟೆ ಅಲ್ಲೇ ಬಿಟ್ಟು ನೇಕಾರ ಓಣಿಯ ತನಕ ಓಡಿದೆ. ಆ ವಯಸ್ಸಿನಲ್ಲಿ ಓಡಿದ್ದು ನೋಡಿ ಜನ ಎಮ್ಮೆ ಬೆನ್ನು ಹತ್ತಿದೆ ಅಂದುಕೊಂಡರು.

ಹಕ್ಕಿ ಉಳಿಯಿತು. ಒಂದು ಕಣ್ಣು ಹೋಯಿತು. ದೊಡ್ಡವ್ವ ಅದನ್ನು ಮಡಿಲಿಗೆ ತೆಗೆದುಕೊಂಡು, ಬೆರಳಿನಿಂದ ಅದರ ಮುಖ ಸವರಿ, ಬಾಯಿ ತುಂಬ ನಕ್ಕಳು.

"ನನ್ನಂಗಽ ಆದೆಲ್ಲೇ! ಇರಲಿ. ಇಬ್ಬರ್ದೂ ಕೂಡಿ ಎರಡು ಕಣ್ಣು ಆದ್ವು."

ಅವತ್ತು ಆ ಮನೆಯಲ್ಲಿ ಒಗ್ಗರಣೆ ಸಿಡಿದದ್ದು ಓಣಿಯ ಕೊನೆಗೆ ಕೇಳಿತು. ನೇಕಾರ ಮಗ್ಗ ಬಿಟ್ಟು ಬಂದು ಒಲೆಯ ಮುಂದೆಯೇ ಕೂತಿದ್ದ. ಡಾಕ್ಟರು ಮೂರು ಸಲ ಬಡಿಸಿಕೊಂಡರು.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ದೊಡ್ಡವ್ವ ಬಂದಿದ್ದಳು. ಕೂಸಿನ ಎರಡೂ ತೋಳು ಸವರಿ ನೋಡಿ, "ಇಲ್ಲಿ ಕಲಿ ಬೀಳೂದಿಲ್ಲ ಇನ್ನ, ಹೌದಿಲ್ಲೋ?" ಎಂದು ನನ್ನನ್ನು ಕೇಳಿ, ಕೇಳಿದ್ದನ್ನೇ ಮತ್ತೆ ಕೇಳಿ, ಉಡಿಯಿಂದ ಒಂದು ಜೋಡಿ ಮರಿ ತೆಗೆದು ತೊಟ್ಟಿಲ ಕೆಳಗೆ ಬಿಟ್ಟಳು. ಒಕ್ಕಣ್ಣಿನ ಲಕ್ಕಾದ ಮರಿಗಳು. ಅವುಗಳ ಸಂತಾನ ಈಗ ನಮ್ಮ ಗೋಡೆಯ ಗಡಿಗೆಗಳಲ್ಲಿದೆ.

ಇಷ್ಟನ್ನೂ ಮೊನ್ನೆ ಮೊಮ್ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಎಣ್ಣೆ ಕಿವಿಯ ಮೇಲೆ ಇಳಿದಿತ್ತು. ಅವಳು ಎದ್ದು ಗಡಿಗೆಗೆ ಕೈ ಹಾಕಿ, ಈ ಸಲದ ಮರಿಯೊಂದನ್ನು ಹಿಡಿದು ತಂದಳು. ಹಿಡಿದ ರೀತಿ ನೋಡಬೇಕಿತ್ತು. ಕಾಲು ಬೆರಳ ಸಂದಿಯಲ್ಲಿ, ರೆಕ್ಕೆ ಅಂಗೈಯಡಿ, ಒಮ್ಮೆ ಕೇಳಿದ್ದಕ್ಕೇ! ತೊಡೆಯ ಗರಿ ಸರಿಸಿ ನೋಡಿದಳು.

"ಆಯಿ, ಇದಕ್ಕೂ ಇಲ್ಲ."

ಪಾರಿವಾಳಕ್ಕೆ ಕಲೆ ಉಳಿಯುವುದಿಲ್ಲ, ಗರಿ ಬಂದು ಮುಚ್ಚುತ್ತದೆ. ಆದರೆ ಈ ಮರಿಗೆ ನಿಜವಾಗಿಯೂ ಇನ್ನೂ ಹಾಕಿಸಿರಲಿಲ್ಲ. ಮಳೆ ನಿಂತಿತ್ತು, ಸೊಳ್ಳೆ ಎದ್ದಿದ್ದವು. "ಹಾಕಸೂಣವ್ವಾ," ಎಂದೆ.

ಅವಳು ಮರಿಯನ್ನು ನನ್ನ ಉಡಿಗೆ ಹಾಕಿ ಅಡುಗೆಮನೆಗೆ ಓಡಿದಳು. ಒಳಗೆ ಅವಳ ತಾಯಿ ಎಣ್ಣೆ ಕಾಯಿಸಿ ಸಾಸಿವೆ ಕೈಗೆತ್ತಿಕೊಂಡಿದ್ದಳು.

"ಅವ್ವಾ, ತಡಿ! ಒಗ್ಗರಣಿ ಹಾಕಬ್ಯಾಡ! ನಮ್ಮ ಮನ್ಯಾಗ ದೇವಿ ಹಾಕೂದೈತಿ!"

ನಾನು ಥರ್ಮಾಸು ತೊಳೆಯಲು ಎದ್ದೆ.